29 ಮತಗಳ ಅಂತರ

ಗ್ಲಾಸ್ಗೋದಿಂದ ಉತ್ತರಕ್ಕೆ, ಫೋರ್ಟ್ ವಿಲಿಯಂ ಕಡೆಗೆ ಹೋಗುವ ರೈಲು ಹತ್ತಿದಾಗ ನನ್ನ ಅಕ್ಕನ ಮಗ ಹೇಳಿದ್ದು ಇಷ್ಟೇ: "ಮಾವ, ಎಡಗಡೆ ಕಿಟಕಿಗೇ ಕೂತ್ಕೊಳ್ಳಿ. ಬಲಗಡೆ ಕೂತ್ರೆ ಬರೀ ಗುಡ್ಡ ಕಾಣತ್ತೆ."

ಅವನು ಅಲ್ಲಿ ಕೆಲಸಕ್ಕಿದ್ದಾನೆ. ನಾನು ಮುಂಬೈಯಲ್ಲಿ ನಲವತ್ತು ಚಿಲ್ಲರೆ ವರ್ಷ ಲೋಕಲ್ ಟ್ರೇನಿನಲ್ಲಿ ನೇತಾಡಿ ನಿವೃತ್ತನಾದವನು. ಕಿಟಕಿ ಸೀಟು ಅಂದರೆ ನನಗೆ ಈಗಲೂ ಹಬ್ಬವೇ. ಹೆಲೆನ್ಸ್‌ಬರೋ ಊರು ದಾಟಿದ ಮೇಲೆ ರೈಲು ಗುಡ್ಡದ ಮೈಮೇಲೆ ನಿಧಾನ ಹತ್ತುತ್ತದೆ. ಕೆಳಗೆ ಒಳನಾಡಿನೊಳಕ್ಕೆ ಚಾಚಿಕೊಂಡ ಸಮುದ್ರದ ತೋಳು. ಅದರ ಹೆಸರು ಗೇರ್ ಲಾಖ್. ಆಚೆ ದಡದಲ್ಲಿ ಹಸಿರು, ಈಚೆ ನೀರು, ಮೇಲೆ ಸುಮ್ಮನೆ ಜಿನುಗುವ ಮಳೆ. ನಮ್ಮ ಕಡೆಯ ಜುಲೈ ತಿಂಗಳ ಹೊಳೆಬದಿಯ ಹಾಗೇ ಇದೆಯಲ್ಲ ಅಂತ ಅಂದುಕೊಳ್ಳುವಷ್ಟರಲ್ಲಿ ಕೆಳಗೆ ಮುಳ್ಳುತಂತಿ ಬೇಲಿ, ದೀಪದ ಕಂಬಗಳು, ಬೂದು ಬಣ್ಣದ ದೊಡ್ಡ ದೊಡ್ಡ ಶೆಡ್ಡುಗಳು ಕಂಡವು.

"ಅದೇ ಫಾಸ್ಲೇನ್ ಮಾವ. ಬ್ರಿಟನ್ನಿನ ಅಣುಬಾಂಬಿನ ಸಬ್‌ಮರೀನೆಲ್ಲ ಇಲ್ಲಿಂದಲೇ ಹೊರಡೋದು" ಅಂದ.

ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ ಕಾರವಾರ ಬಂತೆಂದರೆ ನನಗೆ ಸೀಬರ್ಡ್ ಯೋಜನೆಗೆ ಜಮೀನು ಬಿಟ್ಟುಕೊಟ್ಟ ಜನರ ನೆನಪಾಗುವುದುಂಟು. ದೇಶದ ರಕ್ಷಣೆ ಅನ್ನುವ ದೊಡ್ಡ ಮಾತು ಯಾರದೋ ಮನೆಯಂಗಳದಲ್ಲೇ ಬಂದು ನಿಲ್ಲಬೇಕಲ್ಲ! ಆದರೆ ಫಾಸ್ಲೇನ್ ಕತೆ ಬೇರೆ. ಅಲ್ಲಿ ಪ್ರಶ್ನೆ ಇರೋದು ಜಮೀನಿನದ್ದಲ್ಲ. "ಇದು ಯಾರ ದೇಶದ ಬಾಂಬು, ಯಾರ ದೇಶದ ನೀರು?" ಅನ್ನೋದು. ಆ ಪ್ರಶ್ನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಬೆಳೆದ ಒಂದು ಪಕ್ಷ 2012ರಲ್ಲಿ ತನ್ನೊಳಗೇ ಎರಡಾಗಿ ಜಗಳಾಡಿತು. ಮುಂಬೈಗೆ ವಾಪಸು ಬಂದ ಮೇಲೆ ಆ ಜಗಳದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಓದಿದಷ್ಟೂ, ಇದು ಬರೀ ಸ್ಕಾಟ್ಲೆಂಡಿನ ಕತೆಯಲ್ಲ ಅನ್ನಿಸಿತು. ಅದನ್ನೇ ಇವತ್ತು ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

*

ಮೊದಲು ಹಿನ್ನೆಲೆ. ಸ್ಕಾಟ್ಲೆಂಡ್ 1707ರವರೆಗೆ ತನ್ನದೇ ಪಾರ್ಲಿಮೆಂಟ್ ಇದ್ದ ಪ್ರತ್ಯೇಕ ರಾಜ್ಯ. ಆ ವರ್ಷ ಇಂಗ್ಲೆಂಡಿನೊಂದಿಗೆ ಕೂಡಿಕೊಂಡಿತು. 2011ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 53 ಲಕ್ಷ. ನಮ್ಮ ಮುಂಬೈಯ ಅರ್ಧದಷ್ಟೂ ಇಲ್ಲ.

ಸ್ಕಾಟಿಷ್ ನ್ಯಾಷನಲ್ ಪಾರ್ಟಿ, ಅಂದರೆ ಎಸ್‌ಎನ್‌ಪಿ, ಹುಟ್ಟಿದ್ದು 1934ರಲ್ಲಿ. ಬ್ರಿಟನ್ನಿನಿಂದ ಬೇರೆಯಾಗಿ ಸ್ವತಂತ್ರ ದೇಶವಾಗಬೇಕು ಅನ್ನೋದೇ ಅದರ ಮೂಲ ಗುರಿ. ಬಹಳ ವರ್ಷ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1967ರಲ್ಲಿ ವಿನ್ನಿ ಯೂಯಿಂಗ್ ಎಂಬ ವಕೀಲೆ ಹ್ಯಾಮಿಲ್ಟನ್ ಉಪಚುನಾವಣೆ ಗೆದ್ದಾಗ ಲಂಡನ್ನಿಗೆ ಸ್ವಲ್ಪ ಎಚ್ಚರವಾಯಿತು. ಉತ್ತರ ಸಮುದ್ರದಲ್ಲಿ ಎಣ್ಣೆ ಸಿಕ್ಕಿದ ಮೇಲೆ, 1974ರ ಅಕ್ಟೋಬರ್ ಚುನಾವಣೆಯಲ್ಲಿ 11 ಸೀಟು ಬಂತು. 1979ರಲ್ಲಿ ಅದೇ 11 ಇಳಿದು 2 ಆಯಿತು. ಹೀಗೆ ಏಳುತ್ತಾ ಬೀಳುತ್ತಾ ಬಂದ ಪಕ್ಷ.

ಈ ಪಕ್ಷ ಬೆಳೆದ ಕಾಲವೂ ಅಣ್ವಸ್ತ್ರ ಸ್ಕಾಟ್ಲೆಂಡಿಗೆ ಬಂದ ಕಾಲವೂ ಹೆಚ್ಚುಕಡಿಮೆ ಒಂದೇ. 1961ರಲ್ಲಿ ಅಮೆರಿಕದ ಪೊಲಾರಿಸ್ ಸಬ್‌ಮರೀನುಗಳು ಹೋಲಿ ಲಾಖ್‌ನಲ್ಲಿ ಬಂದು ಲಂಗರು ಹಾಕಿದವು. 1968ರಿಂದ ಬ್ರಿಟನ್ನಿನ ಸ್ವಂತ ಪೊಲಾರಿಸ್ ಸಬ್‌ಮರೀನುಗಳು ಫಾಸ್ಲೇನಿನಿಂದ ಗಸ್ತಿಗೆ ಹೊರಟವು. 1990ರ ದಶಕದಲ್ಲಿ ಅವುಗಳ ಜಾಗಕ್ಕೆ ಟ್ರೈಡೆಂಟ್ ಕ್ಷಿಪಣಿ ಹೊತ್ತ ನಾಲ್ಕು ವ್ಯಾನ್‌ಗಾರ್ಡ್ ದರ್ಜೆಯ ಸಬ್‌ಮರೀನುಗಳು ಬಂದವು. ಸಿಡಿತಲೆಗಳನ್ನು ಇಡುವುದು ಪಕ್ಕದ ಲಾಖ್ ಲಾಂಗ್ ದಡದ ಕೂಲ್‌ಪೋರ್ಟಿನಲ್ಲಿ. ಸ್ಕಾಟ್ಲೆಂಡಿನ ಅತಿ ದೊಡ್ಡ ಊರಾದ ಗ್ಲಾಸ್ಗೋಗೂ ಫಾಸ್ಲೇನಿಗೂ ಸುಮಾರು 40 ಕಿಲೋಮೀಟರ್ ದೂರ ಅಷ್ಟೇ. ನಾವು ಡೊಂಬಿವಲಿಯಿಂದ ದಿನಾ ಆಫೀಸಿಗೆ ಹೋಗುತ್ತಿದ್ದೆವಲ್ಲ, ಹೆಚ್ಚುಕಡಿಮೆ ಅಷ್ಟು.

1982ರಲ್ಲಿ ಫಾಸ್ಲೇನ್ ಗೇಟಿನ ಹತ್ತಿರ ಶಾಂತಿ ಶಿಬಿರವೊಂದು ಶುರುವಾಯಿತು. ಹಳೇ ಕ್ಯಾರವಾನ್‌ಗಳಲ್ಲಿ, ಮಳೆಯಲ್ಲಿ, ಚಳಿಯಲ್ಲಿ ಜನ ಬದಲಾಗುತ್ತಾ ಹೋದರು, ಶಿಬಿರ ಮಾತ್ರ ದಶಕಗಟ್ಟಲೆ ನಡೆಯಿತು. ಸ್ವಾತಂತ್ರ್ಯ ಚಳವಳಿಗೆ ಬಂದ ಎಷ್ಟೋ ಜನ ಈ ಅಣ್ವಸ್ತ್ರ ವಿರೋಧದ ಬಾಗಿಲಿನಿಂದಲೇ ಒಳಗೆ ಬಂದವರು. ಅವರಿಗೆ ಸ್ವಾತಂತ್ರ್ಯ ಅಂದರೆ ಬಾವುಟ, ಪಾಸ್‌ಪೋರ್ಟ್ ಮಾತ್ರ ಅಲ್ಲ. ಆ ಸಬ್‌ಮರೀನುಗಳು ಆ ನೀರಿನಿಂದ ಹೊರಟುಹೋಗುವ ದಿನವೇ ಸ್ವಾತಂತ್ರ್ಯ.

ಹಾಗಾಗಿ 1980ರ ದಶಕದ ಆರಂಭದಿಂದಲೂ ಎಸ್‌ಎನ್‌ಪಿಯ ನೀತಿ ಸ್ಪಷ್ಟವಾಗಿತ್ತು: ಟ್ರೈಡೆಂಟ್ ಬೇಡ, ನ್ಯಾಟೋ ಕೂಡ ಬೇಡ. ನ್ಯಾಟೋ ಎಂದರೆ 1949ರಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಸೇರಿ 12 ದೇಶಗಳು ಕಟ್ಟಿಕೊಂಡ ಸೇನಾಕೂಟ. ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ಆದ ಹಾಗೆ ಅನ್ನೋದು ಅದರ ಒಪ್ಪಂದದ ಐದನೇ ಕಲಮು. ಆ ಕೂಟದ ಕೊನೆಯ ಆಸರೆ ಅಣ್ವಸ್ತ್ರ. ಬಾಂಬು ಬೇಡ ಅನ್ನುವವನು ಬಾಂಬನ್ನೇ ನಂಬಿಕೊಂಡ ಕೂಟದಲ್ಲಿ ಹೇಗೆ ಕೂರುತ್ತಾನೆ? ವಾದ ಸರಳವಾಗಿತ್ತು.

*

ಸರಳ ವಾದ ಕಷ್ಟಕ್ಕೆ ಬಿದ್ದದ್ದು ಪಕ್ಷ ಗೆಲ್ಲೋದಕ್ಕೆ ಶುರುಮಾಡಿದ ಮೇಲೆ.

2007ರಲ್ಲಿ ಎಡಿನ್‌ಬರೋದ ಸ್ಕಾಟಿಷ್ ಪಾರ್ಲಿಮೆಂಟಿನಲ್ಲಿ ಎಸ್‌ಎನ್‌ಪಿ ಅಲ್ಪಮತದ ಸರ್ಕಾರ ಮಾಡಿತು. 2011ರಲ್ಲಿ 129ರಲ್ಲಿ 69 ಸೀಟು ಗೆದ್ದು ಪೂರ್ಣ ಬಹುಮತ ಪಡೆಯಿತು. ಜನಮತಗಣನೆ ಇನ್ನು ತಪ್ಪುವುದಿಲ್ಲ ಅನ್ನೋದು ಎಲ್ಲರಿಗೂ ಗೊತ್ತಾಯಿತು. ಆಗ ನಾಯಕರಿಗೆ ಎದುರಾದದ್ದು ಬೇರೆಯದೇ ಲೆಕ್ಕ. ಈಗಾಗಲೇ ಸ್ವಾತಂತ್ರ್ಯ ಬೇಕು ಅನ್ನುವವರ ಓಟು ಹೇಗೂ ಬರುತ್ತದೆ. ಗೆಲ್ಲಬೇಕಾದರೆ ಬೇಕಾದದ್ದು ಇನ್ನೂ ಮನಸ್ಸು ಮಾಡದೆ ಬೇಲಿ ಮೇಲೆ ಕೂತವರದ್ದು. ಅವರು ಕೇಳುತ್ತಿದ್ದ ಪ್ರಶ್ನೆಗಳು ಸಾಮಾನ್ಯವಾದವು: ಪೌಂಡು ಇರುತ್ತದಾ? ಪಿಂಚಣಿ ಬರುತ್ತದಾ? ನಾಳೆ ಏನಾದರೂ ಆದರೆ ನಮ್ಮನ್ನು ಕಾಯುವವರು ಯಾರು?

ಆಗ ಪಕ್ಷದ ನಾಯಕ ಅಲೆಕ್ಸ್ ಸಾಮಂಡ್. ಚಾಣಾಕ್ಷ. 1999ರಲ್ಲಿ ನ್ಯಾಟೋ ವಿಶ್ವಸಂಸ್ಥೆಯ ಒಪ್ಪಿಗೆ ಇಲ್ಲದೆ ಯುಗೋಸ್ಲಾವಿಯದ ಮೇಲೆ ಬಾಂಬು ಹಾಕಿದಾಗ ಟಿವಿಯಲ್ಲಿ ಕೂತು ಅದು ಕ್ಷಮಿಸಲಾಗದ ಮೂರ್ಖತನ ಎಂಬರ್ಥದಲ್ಲಿ ಟೀಕಿಸಿ, ಊರೆಲ್ಲ ಬೈಸಿಕೊಂಡಿದ್ದ ಮನುಷ್ಯ. ಅದೇ ಸಾಮಂಡ್ ಈಗ ನ್ಯಾಟೋ ಬಗ್ಗೆ ಪಕ್ಷದ ನೀತಿ ಬದಲಾಗಬೇಕು ಅನ್ನುವ ಕಡೆ ನಿಂತರು.

ಆ ಬದಲಾವಣೆಯ ಭಾರ ಹೊತ್ತವರು ಲಂಡನ್ ಪಾರ್ಲಿಮೆಂಟಿನಲ್ಲಿ ಪಕ್ಷದ ನಾಯಕರೂ ರಕ್ಷಣಾ ವಕ್ತಾರರೂ ಆಗಿದ್ದ ಆಂಗಸ್ ರಾಬರ್ಟ್‌ಸನ್. ಅವರ ಕ್ಷೇತ್ರ ಈಶಾನ್ಯ ಕರಾವಳಿಯ ಮೊರೆ. ಇದನ್ನು ಗಮನಿಸಬೇಕು. ಫಾಸ್ಲೇನಿನ ಹತ್ತಿರದವರಿಗೆ ಸೇನೆ ಅಂದರೆ ಅಣುಬಾಂಬು. ಮೊರೆಯವರಿಗೆ ಸೇನೆ ಅಂದರೆ ಲಾಸಿಮೌತ್ ಮತ್ತು ಕಿನ್‌ಲಾಸ್ ವಾಯುನೆಲೆಗಳು, ಅಲ್ಲಿನ ಕೆಲಸ, ಅಲ್ಲಿನ ಸಂಬಳ. 2010ರಲ್ಲಿ ಲಂಡನ್ ಸರ್ಕಾರ ಸಮುದ್ರ ಕಾವಲಿನ ನಿಮ್ರಾಡ್ ವಿಮಾನ ಯೋಜನೆ ರದ್ದು ಮಾಡಿತು, ಕಿನ್‌ಲಾಸ್ ವಾಯುನೆಲೆಯ ಕತೆಯೂ ಮುಗಿಯಿತು. 2011ರ ಡಿಸೆಂಬರಿನಲ್ಲಿ ರಷ್ಯದ ವಿಮಾನವಾಹಕ ಹಡಗು ಅಡ್ಮಿರಲ್ ಕುಜ್ನೆತ್ಸೊವ್ ಮೊರೆ ಕರಾವಳಿಯಾಚೆ ಬಂದು ನಿಂತಾಗ, ಅದರ ಮೇಲೆ ಕಣ್ಣಿಡಲು ಬ್ರಿಟಿಷ್ ಯುದ್ಧನೌಕೆ ಹೊರಟದ್ದು ಎಲ್ಲಿಂದ ಗೊತ್ತೇ? ದಕ್ಷಿಣ ತುದಿಯ ಪೋರ್ಟ್ಸ್‌ಮತ್‌ನಿಂದ. ಇಡೀ ದ್ವೀಪ ಸುತ್ತಿಕೊಂಡು ಮೇಲೆ ಬರಬೇಕಾಯಿತು. ಅಂಥಾ ಕರಾವಳಿಯ ಮತದಾರನಿಗೆ "ನಮಗೆ ಯಾವ ಕೂಟವೂ ಬೇಡ" ಅಂತ ಹೇಳಿ ನೋಡಿ!

2012ರ ಜುಲೈಯಲ್ಲಿ ರಾಬರ್ಟ್‌ಸನ್ ಪ್ರಸ್ತಾಪ ಬಹಿರಂಗವಾಯಿತು. ಅದರ ಸಾರ: ಸ್ವತಂತ್ರ ಸ್ಕಾಟ್ಲೆಂಡ್ ನ್ಯಾಟೋದಲ್ಲಿ ಮುಂದುವರಿಯುತ್ತದೆ, ಆದರೆ ಎರಡು ಷರತ್ತು. ಒಂದು, ಸ್ಕಾಟ್ಲೆಂಡಿನ ನೆಲದಲ್ಲಿ ಅಣ್ವಸ್ತ್ರ ಇಡುವುದಿಲ್ಲ ಅನ್ನುವುದಕ್ಕೆ ಒಪ್ಪಂದವಾಗಬೇಕು. ಎರಡು, ವಿಶ್ವಸಂಸ್ಥೆ ಒಪ್ಪಿದ ಕಾರ್ಯಾಚರಣೆಗಳಲ್ಲಿ ಮಾತ್ರ ಭಾಗವಹಿಸುವ ಹಕ್ಕನ್ನು ನ್ಯಾಟೋ ಗೌರವಿಸಬೇಕು. ಜೊತೆಗೆ 15,000 ಖಾಯಂ ಸೈನಿಕರು, 5,000 ಮೀಸಲು ಸೈನಿಕರು, ವರ್ಷಕ್ಕೆ 250 ಕೋಟಿ ಪೌಂಡಿನ ಬಜೆಟ್.

ಪಕ್ಷದೊಳಗೆ ಬೆಂಕಿ ಬಿತ್ತು.

*

ದಿನಾಂಕಗಳನ್ನು ನೋಡಿ. 2012ರ ಅಕ್ಟೋಬರ್ 15ರಂದು ಬ್ರಿಟಿಷ್ ಪ್ರಧಾನಿ ಡೇವಿಡ್ ಕ್ಯಾಮರಾನ್ ಎಡಿನ್‌ಬರೋಗೆ ಬಂದು, ಸಾಮಂಡ್ ಜೊತೆ ಕೂತು, ಜನಮತಗಣನೆಗೆ ಸಹಿ ಹಾಕಿದರು. ಎಂಬತ್ತು ವರ್ಷ ಕಂಡ ಕನಸು ಕೈಗೆಟುಕುವ ದೂರಕ್ಕೆ ಬಂದ ದಿನ ಅದು. ನಾಲ್ಕೇ ದಿನಕ್ಕೆ, ಅಕ್ಟೋಬರ್ 19ರ ಶುಕ್ರವಾರ, ಪರ್ತ್ ಊರಿನಲ್ಲಿ ಪಕ್ಷದ ವಾರ್ಷಿಕ ಸಮ್ಮೇಳನದಲ್ಲಿ ನ್ಯಾಟೋ ಚರ್ಚೆ. ಮದುವೆ ನಿಶ್ಚಯವಾದ ವಾರವೇ ಅಣ್ಣತಮ್ಮಂದಿರು ಜಗಲಿಯಲ್ಲಿ ಜಗಳಕ್ಕೆ ನಿಂತ ಹಾಗೆ ಅನ್ನಿ.

ಬೇಕು ಅನ್ನುವವರ ವಾದ ಹೀಗಿತ್ತು. ನ್ಯಾಟೋದಲ್ಲಿ ಆಗ 28 ದೇಶ. ಅದರಲ್ಲಿ 25 ದೇಶಗಳ ಹತ್ತಿರ ಸ್ವಂತ ಅಣ್ವಸ್ತ್ರ ಇಲ್ಲ. ಪಕ್ಕದ ನಾರ್ವೆ, ಡೆನ್ಮಾರ್ಕ್ ಎರಡೂ ಸ್ಥಾಪಕ ಸದಸ್ಯರು. ಶಾಂತಿಕಾಲದಲ್ಲಿ ನಮ್ಮ ನೆಲದಲ್ಲಿ ಅಣ್ವಸ್ತ್ರ ಬೇಡ ಎಂದು ಹೇಳಿಯೂ ಕೂಟದಲ್ಲಿ ಗೌರವದಿಂದ ಇದ್ದಾರೆ. ಐಸ್‌ಲ್ಯಾಂಡಿಗಂತೂ ಸೇನೆಯೇ ಇಲ್ಲ, ಆದರೂ ಸ್ಥಾಪಕ ಸದಸ್ಯ. ಅವರಿಗೆಲ್ಲ ಆಗುವುದು ನಮಗೆ ಯಾಕಾಗದು? ಸುತ್ತಲಿನ ನೆರೆಹೊರೆಯೆಲ್ಲ ಒಂದು ಕೂಟದಲ್ಲಿರುವಾಗ ನಾವೊಬ್ಬರೇ ಹೊರಗೆ ನಿಂತರೆ ಹೆದರುವವರು ನಮ್ಮದೇ ಮತದಾರರು.

ಬೇಡ ಅನ್ನುವವರು ಸುಮ್ಮನೆ ಭಾವುಕರಾಗಿ ಮಾತಾಡಿದರು ಅಂದುಕೊಳ್ಳಬೇಡಿ. ಅವರ ವಾದವೂ ಗಟ್ಟಿ. 2010ರ ನವೆಂಬರಿನಲ್ಲಿ ಲಿಸ್ಬನ್‌ನಲ್ಲಿ ಒಪ್ಪಿದ ನ್ಯಾಟೋದ ನೀತಿಪತ್ರವೇ ಜಗತ್ತಿನಲ್ಲಿ ಅಣ್ವಸ್ತ್ರ ಇರುವವರೆಗೆ ತಾನು ಅಣ್ವಸ್ತ್ರ ಕೂಟವಾಗಿಯೇ ಇರುತ್ತೇನೆ ಎಂದಿತ್ತು. ಸ್ವಂತ ಬಾಂಬು ಇಲ್ಲದ ಜರ್ಮನಿ, ಇಟಲಿ, ಬೆಲ್ಜಿಯಂಗಳ ನೆಲದಲ್ಲೂ ಅಮೆರಿಕದ ಬಾಂಬು ಕೂತಿರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಇನ್ನು ನಾರ್ವೆಯ ಉದಾಹರಣೆ? ನಾರ್ವೆಯಲ್ಲಿ ಮೊದಲಿನಿಂದಲೂ ಅಣ್ವಸ್ತ್ರ ನೆಲೆ ಇರಲಿಲ್ಲ. ಸ್ಕಾಟ್ಲೆಂಡಿನಲ್ಲಿ ಇದೆ, ಅದೂ ಬ್ರಿಟನ್ನಿಗೆ ಇರುವ ಒಂದೇ ಒಂದು ನೆಲೆ. "ಮನೆಯಲ್ಲಿ ಹಾವು ಸಾಕುವುದಿಲ್ಲ" ಅನ್ನೋದು ಬೇರೆ, "ಮನೆಯೊಳಗಿರುವ ನಿಮ್ಮ ಹಾವನ್ನು ತೆಗೆದುಕೊಂಡು ಹೋಗಿ" ಅನ್ನೋದು ಬೇರೆ. ಹೊಸ ಸದಸ್ಯನನ್ನು ಸೇರಿಸಿಕೊಳ್ಳಬೇಕಾದರೆ ಇರುವ ಎಲ್ಲ ಸದಸ್ಯರೂ ಒಪ್ಪಬೇಕು, ಬ್ರಿಟನ್ನೂ ಸೇರಿ. ಮೊದಲು ಸೇರುತ್ತೇವೆ ಅಂತ ಮಾತು ಕೊಟ್ಟರೆ, ಆಮೇಲೆ ಸಬ್‌ಮರೀನ್ ವಿಷಯ ಬಂದಾಗ "ಇನ್ನೊಂದು ಹತ್ತು ವರ್ಷ ಇರಲಿ" ಅನ್ನುವುದಿಲ್ಲ ಎಂಬುದಕ್ಕೆ ಏನು ಖಾತ್ರಿ?

ಇಲ್ಲಿ ನ್ಯೂಜಿಲೆಂಡಿನ ಕತೆಯನ್ನೂ ನೆನಪಿಸಿಕೊಳ್ಳಬೇಕು. 1980ರ ದಶಕದಲ್ಲಿ ಡೇವಿಡ್ ಲಾಂಗಿ ಸರ್ಕಾರ ಅಣ್ವಸ್ತ್ರ ಹೊತ್ತ, ಅಣುಶಕ್ತಿಯಿಂದ ಓಡುವ ಹಡಗುಗಳು ನಮ್ಮ ಬಂದರಿಗೆ ಬೇಡ ಅಂದಿತು. ಅಮೆರಿಕ 1986ರಲ್ಲಿ ನ್ಯೂಜಿಲೆಂಡಿಗೆ ಕೊಟ್ಟಿದ್ದ ರಕ್ಷಣೆಯ ಮಾತನ್ನೇ ಅಮಾನತು ಮಾಡಿತು. ನ್ಯೂಜಿಲೆಂಡ್ ಹೆದರಲಿಲ್ಲ, 1987ರಲ್ಲಿ ಅದನ್ನೇ ಕಾನೂನು ಮಾಡಿತು. ಇನ್ನೊಂದು ಕಡೆ ಸ್ಪೇನ್ ಇದೆ. ಅಲ್ಲಿನ ಸಮಾಜವಾದಿ ಪಕ್ಷ ನ್ಯಾಟೋ ವಿರೋಧಿಸಿ ಅಧಿಕಾರಕ್ಕೆ ಬಂದು, ಆಮೇಲೆ ಮನಸ್ಸು ಬದಲಿಸಿ, ನೆಲದಲ್ಲಿ ಅಣ್ವಸ್ತ್ರ ಇರಕೂಡದು ಎಂಬ ಷರತ್ತಿನೊಂದಿಗೆ 1986ರಲ್ಲಿ ಜನಮತ ಕೇಳಿ ಗೆದ್ದಿತು. ಅಂದರೆ ಎರಡೂ ಕಡೆಗೆ ಸಾಕ್ಷಿ ಇತ್ತು. ಇತಿಹಾಸದ ತೊಂದರೆಯೇ ಇದು ನೋಡಿ, ಯಾರು ಕೇಳಿದರೂ ಅವರಿಗೆ ಬೇಕಾದ ಒಂದು ಉದಾಹರಣೆ ಕೊಟ್ಟು ಕಳಿಸುತ್ತದೆ.

ಪರ್ತ್ ಸಭಾಂಗಣದಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ಮಾತಾಡಿದರು. ಟಿವಿಯವರು ಇದ್ದರು, ಪತ್ರಿಕೆಯವರು ಇದ್ದರು. ವಿರೋಧದ ಮುಂಚೂಣಿಯಲ್ಲಿದ್ದವರಲ್ಲಿ ಯುವ ಶಾಸಕ ಜೇಮಿ ಹೆಪ್ಬರ್ನ್ ಒಬ್ಬರು. ಮೊದಲು ಹಳೆಯ ನ್ಯಾಟೋ ವಿರೋಧಿ ನೀತಿಯನ್ನೇ ಉಳಿಸಿಕೊಳ್ಳುವ ತಿದ್ದುಪಡಿಗೆ ಮತ ಹಾಕಿದರು. ಪರ 365, ವಿರೋಧ 394. ಕೇವಲ 29 ಮತಗಳ ಅಂತರದಲ್ಲಿ ತಿದ್ದುಪಡಿ ಬಿತ್ತು. ಹದಿನೈದು ಜನ ಈ ಕಡೆಯಿಂದ ಆ ಕಡೆಗೆ ಹೋಗಿದ್ದರೆ ಫಲಿತಾಂಶವೇ ತಿರುಗುತ್ತಿತ್ತು! ಆಮೇಲೆ ಮೂಲ ನಿರ್ಣಯ 426ಕ್ಕೆ 332ರಂತೆ ಪಾಸಾಯಿತು.

ನನಗೆ ಈ ಅಂಕಿಗಳೇ ಬಹಳ ಹೊತ್ತು ತಲೆಯಲ್ಲಿ ಕೂತವು. ನಮ್ಮ ಪಕ್ಷಗಳಲ್ಲಿ, ಯಾವ ಬಣ್ಣದ್ದೇ ಇರಲಿ, ಇಂಥ ಲೆಕ್ಕ ಕೇಳಿದ ನೆನಪು ನಿಮಗಿದೆಯೇ? ನಮ್ಮಲ್ಲಿ ಎಲ್ಲವೂ ಸರ್ವಾನುಮತ. ಪಕ್ಷ ಯಾಕೆ, ನಮ್ಮ ಕನ್ನಡ ಸಂಘಗಳ ವಾರ್ಷಿಕ ಸಭೆಯಲ್ಲೂ ಅಷ್ಟೇ. "ಎಲ್ಲರದ್ದೂ ಒಪ್ಪಿಗೆ ಅಂತ ಭಾವಿಸುತ್ತೇನೆ" ಅಂತ ಅಧ್ಯಕ್ಷರು ಹೇಳುವುದು, ಚಪ್ಪಾಳೆ, ಉಪ್ಪಿಟ್ಟು. ಜಗಳವೆಲ್ಲ ಆಮೇಲೆ ಮೆಟ್ಟಿಲ ಮೇಲೆ. ಆಳುವ ಪಕ್ಷದ ನಾಯಕನೇ ಎದುರಿಗೆ ಕೂತಿರುವಾಗ 365 ಜನ ಕಾರ್ಡು ಎತ್ತಿ "ನೀವು ಹೇಳುವುದು ಸರಿಯಲ್ಲ" ಅನ್ನುವುದು ಸಣ್ಣ ವಿಷಯವಲ್ಲ.

*

ನಾಲ್ಕು ದಿನದ ಮೇಲೆ, ಅಕ್ಟೋಬರ್ 23ರಂದು, ಇಬ್ಬರು ಶಾಸಕರು ಪಕ್ಷಕ್ಕೆ ರಾಜೀನಾಮೆ ಕೊಟ್ಟರು. ಜಾನ್ ಫಿನ್ನಿ ಮತ್ತು ಜೀನ್ ಅರ್ಕರ್ಟ್. ಇಬ್ಬರೂ ಹೈಲ್ಯಾಂಡ್ಸ್ ಮತ್ತು ಐಲ್ಯಾಂಡ್ಸ್ ಭಾಗದಿಂದ ಆರಿಸಿಬಂದವರು. ಫಿನ್ನಿ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದ ಮನುಷ್ಯ. ಅರ್ಕರ್ಟ್ ಅಲ್ಲಾಪೂಲ್ ಎಂಬ ಪುಟ್ಟ ಬಂದರು ಊರಿನಲ್ಲಿ ಹೋಟೆಲ್ ನಡೆಸಿಕೊಂಡು ಬಂದವರು. ಇಬ್ಬರೂ ಕ್ರಾಂತಿಕಾರಿ ಅಂತ ಅನ್ನಿಸಿಕೊಳ್ಳುವ ಜಾತಿಯವರಲ್ಲ. ಅಣ್ವಸ್ತ್ರ ಕೂಟಕ್ಕೆ ಸೇರುವ ಪಕ್ಷದಲ್ಲಿ ನಾವು ಇರಲಾರೆವು ಅನ್ನುವುದು ಅವರ ನಿಲುವು. ಆದರೆ ಸ್ವಾತಂತ್ರ್ಯದ ಗುರಿಯನ್ನು ಬಿಡಲಿಲ್ಲ. ಜನಮತಗಣನೆಯಲ್ಲಿ 'ಹೌದು' ಪಕ್ಷಕ್ಕೇ ದುಡಿದರು. ಫಿನ್ನಿ ಆಮೇಲೆ ಗ್ರೀನ್ ಪಕ್ಷ ಸೇರಿ 2016ರಲ್ಲಿ ಮತ್ತೆ ಗೆದ್ದರು. ಅರ್ಕರ್ಟ್ ಅವಧಿ ಮುಗಿಯುವವರೆಗೆ ಸ್ವತಂತ್ರ ಸದಸ್ಯೆಯಾಗಿ ಉಳಿದರು.

ಹೆಪ್ಬರ್ನ್ ಪಕ್ಷ ಬಿಡಲಿಲ್ಲ. ಸೋತ ಮೇಲೆ ಸೋಲು ಒಪ್ಪಿಕೊಂಡು ಒಳಗೇ ಉಳಿದರು. 2014ರಲ್ಲಿ ಮಂತ್ರಿಯಾದರು. 2023ರಲ್ಲಿ ಅವರಿಗೆ ಸಿಕ್ಕಿದ್ದು ಸ್ವಾತಂತ್ರ್ಯದ ಖಾತೆ!

ಇವರಲ್ಲಿ ಸರಿ ಯಾರು? ನನಗೆ ಹೊರಗೆ ಹೋದವರ ಮೇಲೂ ಗೌರವ, ಒಳಗೆ ಉಳಿದವರ ಮೇಲೂ ಗೌರವ. ಒಂದು ತಮಾಷೆಯೆಂದರೆ ಸಾಮಂಡ್ ಸ್ವತಃ 1982ರಲ್ಲಿ ಪಕ್ಷದೊಳಗೆ ಎಡಪಂಥೀಯರ ಗುಂಪು ಕಟ್ಟಿಕೊಂಡದ್ದಕ್ಕೆ ಉಚ್ಚಾಟನೆಯಾಗಿ ಆಮೇಲೆ ವಾಪಸು ಬಂದವರು. ಭಿನ್ನಮತದ ಬೆಲೆ ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ.

2013ರ ನವೆಂಬರಿನಲ್ಲಿ ಸರ್ಕಾರ ಸ್ವಾತಂತ್ರ್ಯದ ಶ್ವೇತಪತ್ರ ತಂದಾಗ ಈ ನೀತಿಯೇ ಅದರಲ್ಲಿ ಬಂತು: ನ್ಯಾಟೋ ಸದಸ್ಯತ್ವ ಇರುತ್ತದೆ, ಟ್ರೈಡೆಂಟ್ ಸ್ವತಂತ್ರ ಪಾರ್ಲಿಮೆಂಟಿನ ಮೊದಲ ಅವಧಿಯೊಳಗೆ ಹೋಗುತ್ತದೆ. ಎದುರಾಳಿಗಳು ಇದರಿಂದ ಸಮಾಧಾನವಾದರೇ? ಇಲ್ಲ. 1999ರಿಂದ ನ್ಯಾಟೋದ ಮಹಾಕಾರ್ಯದರ್ಶಿಯಾಗಿದ್ದ ಜಾರ್ಜ್ ರಾಬರ್ಟ್‌ಸನ್ ಸ್ವತಃ ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಹುಟ್ಟಿದವರು. 2014ರ ಏಪ್ರಿಲಿನಲ್ಲಿ ವಾಷಿಂಗ್ಟನ್‌ಗೆ ಹೋಗಿ, ಸ್ಕಾಟ್ಲೆಂಡ್ ಬೇರೆಯಾದರೆ ಪಾಶ್ಚಾತ್ಯ ಜಗತ್ತಿಗೇ ಮಹಾಪ್ರಳಯ ಎಂಬಂತೆ ಭಾಷಣ ಮಾಡಿದರು. ಪರ್ತ್‌ನಲ್ಲಿ ಅಷ್ಟೆಲ್ಲ ನೋವು ನುಂಗಿ ಬಾಗಿಲು ತಟ್ಟಿದವರಿಗೆ ಆ ಮನೆಯ ಹಳೇ ಯಜಮಾನರಿಂದ ಸಿಕ್ಕ ಉತ್ತರ ಇದು.

2014ರ ಸೆಪ್ಟೆಂಬರ್ 18ರಂದು ಮತದಾನ. ನೂರಕ್ಕೆ 84.6ರಷ್ಟು ಜನ ಬಂದು ಓಟು ಹಾಕಿದರು. 'ಬೇಡ' 55.3, 'ಬೇಕು' 44.7. ಕನಸು ಮುಂದಕ್ಕೆ ಹೋಯಿತು. ಸಾಮಂಡ್ ಮರುದಿನವೇ ರಾಜೀನಾಮೆ ಘೋಷಿಸಿದರು. 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಮನಸ್ಸಿಗೆ ಬರುವ ಪ್ರಶ್ನೆ ಇದು: ಸೋಲುವುದೇ ಆಗಿದ್ದರೆ ತತ್ವ ಉಳಿಸಿಕೊಂಡೇ ಸೋಲಬಹುದಿತ್ತಲ್ಲ? ಅಥವಾ, ನ್ಯಾಟೋ ಬೇಡ ಅಂದಿದ್ದರೆ ಆ 44.7 ಕೂಡ ಬರುತ್ತಿರಲಿಲ್ಲವೋ ಏನೋ? ಇತಿಹಾಸಕ್ಕೆ ಎರಡನೇ ಸಲ ಆಡಿ ತೋರಿಸುವ ಅಭ್ಯಾಸ ಇಲ್ಲ. ಹಾಗಾಗಿ ಎರಡು ಕಡೆಯವರೂ ಇವತ್ತಿಗೂ ತಾವೇ ಸರಿ ಅಂತ ಹೇಳಿಕೊಳ್ಳಬಹುದು.

*

ಇದನ್ನೆಲ್ಲ ಓದುವಾಗ ನನಗೆ ನನ್ನ ಶಾಲಾದಿನಗಳ ಒಂದು ಸಂಜೆ ನೆನಪಾಯಿತು. 1971ರ ಆಗಸ್ಟ್. ನಮ್ಮ ಮನೆ ಜಗಲಿಯಲ್ಲಿ ಅಪ್ಪ ಮತ್ತು ಅವರ ಸ್ನೇಹಿತರಾದ ಮಾಸ್ತರು ರೇಡಿಯೋ ಮುಂದೆ ಕೂತಿದ್ದರು. ಭಾರತ ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದೊಂದಿಗೆ 20 ವರ್ಷದ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿತ್ತು. ಯಾರ ಮೇಲಾದರೂ ದಾಳಿಯ ಭೀತಿ ಬಂದರೆ ಇಬ್ಬರೂ ಕೂಡಲೇ ಸಮಾಲೋಚನೆ ಮಾಡಬೇಕು ಅನ್ನುವ ಕಲಮು ಅದರಲ್ಲಿತ್ತು. ಪಾಕಿಸ್ತಾನ 1950ರ ದಶಕದಲ್ಲೇ ಅಮೆರಿಕದ ಪರವಾದ ಸೇನಾಕೂಟಗಳಿಗೆ ಸೇರಿದಾಗ ನಾವು ಹೆಮ್ಮೆಯಿಂದ "ನಾವು ಯಾರ ಕಡೆಯೂ ಇಲ್ಲ" ಅಂದವರು. ಮಾಸ್ತರು ನೆಹರೂ ಕಾಲದವರು. "ಇನ್ನು ಅಲಿಪ್ತ ನೀತಿ ಅಂತ ಮಕ್ಕಳಿಗೆ ಯಾವ ಬಾಯಲ್ಲಿ ಪಾಠ ಮಾಡಲಿ?" ಅಂತ ಕೇಳಿದರು. ಅಪ್ಪ ಅಡಿಕೆ ಕತ್ತರಿಸುತ್ತಾ, "ಮಾಸ್ಟ್ರೇ, ಗಡಿಯಲ್ಲಿ ಲಕ್ಷಾಂತರ ನಿರಾಶ್ರಿತರು ಬಂದು ಕೂತಿದ್ದಾರೆ. ಆಚೆ ಚೀನಾ, ಈಚೆ ಪಾಕಿಸ್ತಾನ. ಪಾಠ ಆಮೇಲೆ ಮಾಡುವ" ಅಂದರು. ಇಬ್ಬರೂ ಎರಡು ದಿನ ಮಾತು ಬಿಟ್ಟಿದ್ದರು. ಮೂರನೇ ದಿನ ಮಾಸ್ತರೇ ಬಂದು ಚಹಾ ಕುಡಿದು ಹೋದರು.

ಆ ಡಿಸೆಂಬರಿನಲ್ಲಿ ಅಮೆರಿಕದ ಏಳನೇ ನೌಕಾಪಡೆಯ ಹಡಗುಗಳು ಬಂಗಾಳಕೊಲ್ಲಿಯ ಕಡೆ ಬಂದಾಗ ಅಪ್ಪನ ಮಾತು ಸರಿ ಅನ್ನಿಸಿತು. 1979ರ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದಾಗ ನಾವು ಬಹಿರಂಗವಾಗಿ ಖಂಡಿಸಲಾಗದೆ ತಡವರಿಸಿದಾಗ ಮಾಸ್ತರ ಮಾತೂ ಸರಿ ಅನ್ನಿಸಿತು. ಸೇನಾಮೈತ್ರಿ ಅಂದರೆ ಹೀಗೇ. ಕಷ್ಟದ ದಿನ ಕೊಡೆ ಹಿಡಿಯುತ್ತದೆ, ಆದರೆ ಕೊಡೆ ಹಿಡಿದವನು ತಪ್ಪು ದಾರಿಗೆ ತಿರುಗಿದರೆ ನಾವೂ ಅಷ್ಟು ದೂರ ಜೊತೆಗೆ ನಡೆಯಬೇಕಾಗುತ್ತದೆ.

*

ಕತೆ ಅಲ್ಲಿಗೆ ನಿಲ್ಲಲಿಲ್ಲ. 2015ರಲ್ಲಿ ಎಸ್‌ಎನ್‌ಪಿ ಲಂಡನ್ ಪಾರ್ಲಿಮೆಂಟಿನ ಸ್ಕಾಟ್ಲೆಂಡಿನ 59 ಸೀಟುಗಳಲ್ಲಿ 56 ಗೆದ್ದಿತು. 2016ರ ಜುಲೈ 18ರಂದು ಟ್ರೈಡೆಂಟ್ ಹೊರುವುದಕ್ಕೆ ಹೊಸ ಸಬ್‌ಮರೀನು ಕಟ್ಟಬೇಕೇ ಅಂತ ಅಲ್ಲಿ ಮತಕ್ಕೆ ಬಂದಾಗ ಸ್ಕಾಟ್ಲೆಂಡಿನ 59 ಸದಸ್ಯರಲ್ಲಿ 58 ಜನ ಬೇಡ ಎಂದರು. ಆದರೂ 472ಕ್ಕೆ 117ರಂತೆ ಪಾಸಾಯಿತು. ಯಾರ ನೀರಿನಲ್ಲಿ ಆ ಸಬ್‌ಮರೀನು ನಿಲ್ಲುತ್ತದೋ ಅವರ ಪ್ರತಿನಿಧಿಗಳು ಹೆಚ್ಚುಕಡಿಮೆ ಒಕ್ಕೊರಲಿನಿಂದ ಬೇಡ ಅಂದರೂ ಅದು ನಿಲ್ಲುತ್ತದೆ. ಸ್ವಾತಂತ್ರ್ಯ ಬೇಕು ಅನ್ನುವವರಿಗೆ ಇದಕ್ಕಿಂತ ಬೇರೆ ಭಾಷಣ ಬೇಕಿರಲಿಲ್ಲ.

ಇನ್ನೊಂದು ಕಡೆ, 2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ಪೂರ್ಣ ದಾಳಿ ಮಾಡಿತು. ದಶಕಗಟ್ಟಲೆ ಕೂಟದಿಂದ ಹೊರಗಿದ್ದ ಫಿನ್‌ಲ್ಯಾಂಡ್ 2023ರ ಏಪ್ರಿಲಿನಲ್ಲಿ, ಸ್ವೀಡನ್ 2024ರ ಮಾರ್ಚಿನಲ್ಲಿ ನ್ಯಾಟೋಗೆ ಸೇರಿದವು. ಪರ್ತ್‌ನಲ್ಲಿ "ನಾವು ಫಿನ್‌ಲ್ಯಾಂಡ್, ಸ್ವೀಡನ್, ಐರ್ಲೆಂಡ್ ಥರ ಇರೋಣ" ಅನ್ನಬಹುದಾಗಿದ್ದವರ ಕೈಯಲ್ಲಿ ಈಗ ಐರ್ಲೆಂಡ್ ಒಂದೇ ಉಳಿಯಿತು. ಸಾಮಂಡ್ ನಂತರ ಬಂದ ನಿಕೋಲಾ ಸ್ಟರ್ಜನ್ ಕೂಡ ಸ್ವತಂತ್ರ ಸ್ಕಾಟ್ಲೆಂಡ್ ನ್ಯಾಟೋದಲ್ಲಿರಬೇಕು ಎಂದೇ ಹೇಳಿದರು. ಆ ದಿನ 29 ಮತದಿಂದ ಗೆದ್ದವರಿಗೆ ಕಾಲ ಒಂದಷ್ಟು ಅಂಕ ಕೊಟ್ಟಿತು ಅನ್ನಬೇಕು.

ಪೂರ್ತಿ ಅಂಕ ಅಲ್ಲ. ಯಾಕೆಂದರೆ ಸೋತವರ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಬಾಂಬನ್ನೇ ಕೊನೆಯ ಆಸರೆ ಅಂದುಕೊಂಡ ಕೂಟ, ತನ್ನ ಸದಸ್ಯನೊಬ್ಬನ ಒಂದೇ ಬಾಂಬು ನೆಲೆಯನ್ನು ಎತ್ತಿಸುವ ಹೊಸಬನನ್ನು ನಗುನಗುತ್ತಾ ಒಳಗೆ ಕರೆದುಕೊಳ್ಳುತ್ತದೆಯೇ? ಈ ಪ್ರಶ್ನೆಗೆ ಉತ್ತರ ಸಿಗುವುದು ಸ್ಕಾಟ್ಲೆಂಡ್ ನಿಜವಾಗಿ ಬೇರೆಯಾದ ದಿನ ಮಾತ್ರ. ಅಲ್ಲಿಯವರೆಗೆ 426 ಜನರ ಷರತ್ತು ಕಾಗದದ ಮೇಲಿರುತ್ತದೆ, ಸಬ್‌ಮರೀನು ನೀರಿನ ಮೇಲಿರುತ್ತದೆ.

ನಾನು ಯಾವ ಕಡೆ ಕಾರ್ಡು ಎತ್ತುತ್ತಿದ್ದೆ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಮೂವತ್ತರ ವಯಸ್ಸಿನಲ್ಲಾಗಿದ್ದರೆ 365ರಲ್ಲಿ ಒಬ್ಬನಾಗಿರುತ್ತಿದ್ದೆ. ಈಗ ಬಹುಶಃ ಅಪ್ಪನ ಹಾಗೆ, ಅಡಿಕೆ ಕತ್ತರಿಸುತ್ತಾ, 394ರ ಜೊತೆ ಸೇರುತ್ತಿದ್ದೆ. ಆದರೆ ಆ 365 ಜನ ಇಲ್ಲದೇ ಹೋಗಿದ್ದರೆ ನಿರ್ಣಯದಲ್ಲಿ ಆ ಎರಡು ಷರತ್ತುಗಳು ಇರುತ್ತಿದ್ದವೇ ಅನ್ನೋದು ನನ್ನ ಅನುಮಾನ. ನಾಯಕರು ಷರತ್ತು ಹಾಕಿದ್ದೇ ಅವರ ಕಣ್ಣಿಗೆ ಹೆದರಿ ಇರಬೇಕು. ಒಂದು ಚಳವಳಿ ಗುರಿ ಮುಟ್ಟುವ ಅವಸರದಲ್ಲಿ ಏನೇನು ಬಿಟ್ಟುಕೊಡುತ್ತಿದೆ ಅಂತ ಲೆಕ್ಕ ಇಡುವವರು ಒಳಗಡೆಯೇ ಇರಬೇಕಾಗುತ್ತದೆ. ಅವರು ಗೆಲ್ಲದಿದ್ದರೂ ಸರಿ.

ರೈಲು ಗೇರ್‌ಲಾಖ್‌ಹೆಡ್ ಸ್ಟೇಷನ್ನಿನಲ್ಲಿ ನಿಂತು ಹೊರಟಿತು. ಗುಡ್ಡ ತಿರುಗಿತು, ಬೇಲಿ ಮರೆಯಾಯಿತು. ಅಕ್ಕನ ಮಗ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಾ, "ಇಲ್ಲಿ ಇಷ್ಟು ವರ್ಷ ಇದ್ದೀನಿ ಮಾವ, ಒಂದು ಸಲವೂ ಸಬ್‌ಮರೀನ್ ಕಣ್ಣಿಗೆ ಬಿದ್ದಿಲ್ಲ" ಅಂದ. ನನಗೂ ಕಾಣಲಿಲ್ಲ. ನೀವು ಆ ದಾರಿಯಲ್ಲಿ ಹೋದರೆ ಎಡಗಡೆ ಕಿಟಕಿಗೇ ಕೂತು ನೋಡಿ. ಆ ಸಭೆಯಲ್ಲಿ ನೀವಿದ್ದಿದ್ದರೆ ಯಾವ ಕಡೆ ಕಾರ್ಡು ಎತ್ತುತ್ತಿದ್ದಿರಿ, ಅದನ್ನೂ ಯೋಚಿಸಿ.